ಗೋವಾದಲ್ಲಿ ದೋಸ್ತರ ಜೊತೆ ಹಳೇ ನಾಣ್ಯ ಹುಡುಕೋದು: ಮಷೀನ್ ತಗೊಳ್ಳೋಕೆ ಮುಂಚೆ ಇದನ್ನ ಓದಿ

ನಾವು ವಾಸ್ಕೋದಲ್ಲಿ ಇರೋ ನಾಲ್ಕು ಜನ ಕನ್ನಡದವರು ರವಿವಾರ ಬೆಳಿಗ್ಗೆ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಬೀಚಿಗೆ ಹೋಗ್ತೀವಿ ಅನ್ನೋದು ಗೊತ್ತಾದಾಗಿಂದ ಮಡಗಾಂವ್, ಮಾಪ್ಸಾ, ಅತ್ಲಾಗೆ ಪುಣೆಯಿಂದ್ಲೂ ಎರಡೇ ಪ್ರಶ್ನೆ ಬರ್ತಿವೆ, ಯಾವ ಮಷೀನ್ ತಗೊಳ್ಳಿ ಮತ್ತೆ ನಿಧಿ ಸಿಗತ್ತಾ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೀತಿದೀನಿ.

ಎರಡನೇ ಪ್ರಶ್ನೆಗೆ ಮೊದ್ಲು ಉತ್ತರ: ನಿಧಿ ಬೇಕು ಅನ್ನೋರು ಇಲ್ಲಿಗೇ ಓದೋದು ನಿಲ್ಲಿಸಿ. ನಮ್ಮೂರ ಕಡೆ ಅಮಾವಾಸ್ಯೆ ರಾತ್ರಿ ಹಾಳು ಗುಡಿಗೆ ಹೋಗಿ ಬಸವಣ್ಣನ ಬುಡ ಅಗೆಯೋ ನಿಧಿಗಳ್ಳರ ಸುದ್ದಿ ಪೇಪರಲ್ಲಿ ಓದಿರ್ತೀರಲ್ಲ, ಮಷೀನ್ ಹಿಡ್ಕೊಂಡು ನಿಂತ್ರೆ ನೋಡೋರ ಕಣ್ಣಿಗೆ ನೀವೂ ಅವರೇ. ನಿಮಗೆ ಸಿಗೋದು ಬೀರ್ ಮುಚ್ಚಳ, ಮೊಳೆ, ಒಂದು ರೂಪಾಯಿ ನಾಣ್ಯ, ಮತ್ತೆ ಅಪರೂಪಕ್ಕೆ ಒಂದು ಹಳೇ ತಾಮ್ರದ ಬಿಲ್ಲೆ. ಆ ಅಪರೂಪದ ಬಿಲ್ಲೆಗೋಸ್ಕರ ಬಿಸಿಲಲ್ಲಿ ಬಗ್ಗಿ ಏಳೋಕೆ ತಯಾರಿದ್ರೆ ಮುಂದೆ ಓದಿ.

1. ಮೊದ್ಲು ಕಾನೂನು, ಆಮೇಲೆ ಮಷೀನ್

ಎಲ್ಲರೂ ಇದನ್ನ ಕೊನೆಗೆ ಕೇಳ್ತಾರೆ, ಸಿಕ್ಕ ಮೇಲೆ ಕೇಳ್ತಾರೆ, ಆಗ ತಡ ಆಗಿರತ್ತೆ. 1878ರ ಭಾರತೀಯ ನಿಧಿ ಕಾಯ್ದೆ ಪ್ರಕಾರ ಮಣ್ಣಲ್ಲಿ ಅಡಗಿರೋ ಬೆಲೆ ಬಾಳೋ ಯಾವ ವಸ್ತುವಾದ್ರೂ ನಿಧಿನೇ, ಕೊಪ್ಪರಿಗೆ ತುಂಬ ಹೊನ್ನೇ ಆಗ್ಬೇಕಂತಿಲ್ಲ. ಅದರ ಬೆಲೆ 10 ರೂಪಾಯಿ ದಾಟಿದ್ರೆ ಸಾಕು, ಏನು ಸಿಕ್ತು, ಅಂದಾಜು ಬೆಲೆ ಎಷ್ಟು, ಎಲ್ಲಿ, ಯಾವ ತಾರೀಕು ಅಂತ ಕಲೆಕ್ಟರಿಗೆ ಬರವಣಿಗೆಯಲ್ಲಿ ತಿಳಿಸ್ಬೇಕು, ಮತ್ತೆ ವಸ್ತುನ ಸರ್ಕಾರಿ ಖಜಾನೆಗೆ ಒಪ್ಪಿಸ್ಬೇಕು ಇಲ್ಲಾ ಅದಕ್ಕೆ ಜಾಮೀನು ಕೊಡ್ಬೇಕು. ಹೌದು, ಹತ್ತೇ ರೂಪಾಯಿ, 1878ರಲ್ಲಿ ಹತ್ತು ರೂಪಾಯಿ ಅಂದ್ರೆ ದೊಡ್ಡ ದುಡ್ಡು, ಆದ್ರೆ ಆ ಅಂಕಿ ಹಾಗೇ ಉಳ್ಕೊಂಡಿದೆ. ತಿಳಿಸದೆ ಇಟ್ಕೊಂಡ್ರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ತಿಳಿಸಿದ್ರೆ ಎಲ್ಲಾ ಹೋಯ್ತು ಅಂತ ಅಲ್ಲ. ಅದಕ್ಕೆ ಮಾಲೀಕರು ಯಾರೂ ಇಲ್ಲ ಅಂತ ತೀರ್ಮಾನ ಆಗಿ, ಜಾಗದ ಮಾಲೀಕರ ಜೊತೆ ಬೇರೆ ಒಪ್ಪಂದ ಇಲ್ದೇ ಹೋದ್ರೆ, ಸಿಕ್ಕವನಿಗೆ ಮುಕ್ಕಾಲು, ಜಾಗದವರಿಗೆ ಕಾಲು ಪಾಲು. ಸರ್ಕಾರಕ್ಕೇ ಬೇಕು ಅನ್ಸಿದ್ರೆ ಲೋಹದ ಬೆಲೆ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತಗೋಬಹುದು. ಕರ್ನಾಟಕಕ್ಕೆ ಇದೇ ಥರದ್ದು 1962ರ ಬೇರೆ ಕಾಯ್ದೆ ಇದೆ, ಹಬ್ಬಕ್ಕೆ ಊರಿಗೆ ಹೋದಾಗ ಮಷೀನ್ ಒಯ್ಯೋರು ಅದನ್ನೂ ನೋಡ್ಕೊಳ್ಳಿ.

ಎರಡನೇದು 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನ ಮಾರೋ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಮತ್ತೆ ದೇಶದಿಂದ ಹೊರಗೆ ಕಳಿಸೋಕೆ ನಮ್ಮಂಥವರಿಗೆ ಅವಕಾಶವೇ ಇಲ್ಲ. ದುಬೈಯಲ್ಲಿರೋ ಭಾವಮೈದುನನ ಕೈಲಿ ಮಾರಿಸ್ತೀನಿ ಅಂತ ಒಬ್ಬರು ಕೇಳಿದ್ರು, ಅದಕ್ಕೇ ಬರೆದೆ.

ಮೂರನೇದು ಉಂಗುರ, ಸರ, ವಾಚು. ಇವು ಪುರಾತನ ಅಲ್ಲ, ಕಳ್ಕೊಂಡವರು ಬದುಕಿದ್ದಾರೆ. ಅವರನ್ನ ಹುಡುಕೋ ಪ್ರಯತ್ನನೇ ಮಾಡದೆ ಜೇಬಿಗೆ ಹಾಕ್ಕೊಂಡ್ರೆ ಅದೂ ಅಪರಾಧನೇ. ಹತ್ರದ ಠಾಣೆಗೆ ಕೊಟ್ಟು ಚೀಟಿ ಬರೆಸ್ಕೊಳ್ಳಿ.

2. ಎಲ್ಲಿ ಹೋಗಬಾರದು, ಎಲ್ಲಿ ಹೋಗಬಹುದು

ಹಳೇ ಗೋವಾಕ್ಕೆ ಮಷೀನ್ ತರಲೇಬೇಡಿ, ಕಾರಿನ ಡಿಕ್ಕಿಯಲ್ಲೂ ಬೇಡ. ಅಲ್ಲಿನ ಚರ್ಚುಗಳು 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಆಗ್ವಾದ ಕೋಟೆ, ಕದಂಬರ ಕಾಲದ ತಾಂಬಡಿ ಸುರ್ಲಾ ಗುಡಿ, ಚಾಂದೋರಿನ ಉತ್ಖನನ ಜಾಗ, ಇವೆಲ್ಲಕ್ಕೂ ಅದೇ ಮಾತು. ರಾಷ್ಟ್ರೀಯ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಅಳತೆ ಕಟ್ಟಡ ಕಟ್ಟೋರಿಗೆ ಮಾಡಿದ್ದು, ಆದ್ರೆ ನಾವು ಅದನ್ನೇ ನಮ್ಮ ಲಕ್ಷ್ಮಣ ರೇಖೆ ಮಾಡ್ಕೊಂಡಿದೀವಿ, ಒಟ್ಟು 300 ಮೀಟರ್ ದೂರ. ಇನ್ನು ದಾಬೋಳಿ ಸುತ್ತಮುತ್ತ ನೌಕಾಪಡೆ ಜಾಗ, ಅಲ್ಲಿ ಬೇಲಿ ಹತ್ರ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೋಲು ಬೀಸ್ತಾ ನಿಂತ್ರೆ ಏನಾಗತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಬೀಚಲ್ಲೂ ಎಲ್ಲಾ ಬೀಚು ಒಂದೇ ಅಲ್ಲ. ಮೊರ್ಜಿಂ, ಮಾಂದ್ರೆ, ಆಗೋಂದ, ಗಾಲ್ಜಿಬಾಗ್, ಈ ನಾಲ್ಕು ಕಡೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡೋಕೆ ಬರ್ತವೆ, ಅಲ್ಲಿ ಸಲಿಕೆ ಹಾಕೋದು ಪಾಪ ಮಾತ್ರ ಅಲ್ಲ, ವನ್ಯಜೀವಿ ಕೇಸೂ ಹೌದು.

ಹಾಗಾದ್ರೆ ಎಲ್ಲಿ? ನಾವು ಹೋಗೋದು ವೆಲ್ಸಾವ್‌ನಿಂದ ಮೊಬೋರ್‌ವರೆಗಿನ ಮರಳುಪಟ್ಟಿಗೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿದೆ, ಮಜೋರ್ಡಾ, ಕೋಲ್ವಾ, ಬೆನಾವ್ಲಿ ಎಲ್ಲಾ ಅದರಲ್ಲೇ ಬರತ್ತೆ. ಮೊದಲ ಸಲ ಹೋಗೋ ಮುಂಚೆ ಪಂಚಾಯ್ತಿಗೂ ಠಾಣೆಗೂ ಹೋಗಿ ಹೀಗೆ ಹೀಗೆ ಅಂತ ಹೇಳಿ ಒಂದು ಅರ್ಜಿ ಕೊಟ್ಟು ಸೀಲ್ ಹಾಕಿದ ಪ್ರತಿ ಇಟ್ಕೊಳ್ಳಿ, ಬೇಡ ಅಂದ್ರೆ ಬೇಡ, ವಾದ ಮಾಡ್ಬೇಡಿ.

ಬೀಚು ಬಿಟ್ರೆ ಖಾಸಗಿ ಜಾಗ. ಹಳೇ ಮನೆ ಅಂಗಳ, ತೆಂಗಿನ ತೋಟ. ಗೋವಾದಲ್ಲಿ ಖಾಲಿ ಬಿದ್ದ ಜಾಗ ಅಂದ್ರೆ ಯಾರದ್ದೂ ಅಲ್ಲ ಅಂತ ಅನ್ಕೋಬೇಡಿ, ಅದು ಭಾಟ್ಕಾರ್‌ದು ಇರಬಹುದು (ಜಮೀನಿನ ಒಡೆಯರಿಗೆ ಇಲ್ಲಿ ಹಾಗಂತಾರೆ), ಇಲ್ಲಾ ಕೊಮುನಿದಾದ್‌ದು ಇರತ್ತೆ, ಅಂದ್ರೆ ಊರಿನ ಮೂಲ ಗಾಂವ್‌ಕಾರ್ ಮನೆತನಗಳ ಸಾಮೂಹಿಕ ಆಸ್ತಿ. ಬಾಯಿ ಮಾತಿನ ಒಪ್ಪಿಗೆ ಸಾಲಲ್ಲ, ಸಿಕ್ಕಿದ್ದರಲ್ಲಿ ಪಾಲು ಹೇಗೆ ಅನ್ನೋದೂ ಸೇರಿಸಿ ಒಂದು ಹಾಳೆಯಲ್ಲಿ ಬರೆಸಿ ಸಹಿ ತಗೊಳ್ಳಿ. ದೇವಸ್ಥಾನದ ಕೆರೆ, ಸೇತುವೆ ಕೆಳಗೆ ಜನ ಕೈ ಮುಗಿದು ಎಸೆದ ಕಾಸು, ಇವನ್ನ ಮುಟ್ಟಬೇಡಿ. ಕಾನೂನಿಗಿಂತ ಅದು ಮರ್ಯಾದೆ ಪ್ರಶ್ನೆ.

3. ಸಾಮಾನು

ನಾಲ್ಕು ಜನಕ್ಕೆ ಒಂದೇ ಮಷೀನ್ ಸಾಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ದುಡ್ಡು ಹಂಚ್ಕೊಂಡು ಒಂದು ಒಳ್ಳೇದು ತಗೊಳ್ಳಿ, ತಲಾ ಒಂದು ಆಟಿಕೆ ಬೇಡ. ಹತ್ರ ಹತ್ರ ಎರಡು ಮಷೀನ್ ಓಡಿದ್ರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬಂದು ಎರಡೂ ಕಿರುಚ್ತಾವೆ, ಹಾಗಾಗಿ ಎರಡಿದ್ರೂ ಹತ್ತು ಮೀಟರ್ ದೂರ ಇರ್ಬೇಕು.

ಮಷೀನ್ ಕೆಲಸ ಮಾಡೋದು ಹೀಗೆ. ಕೆಳಗಿನ ತಟ್ಟೆಗೆ ಕಾಯಿಲ್ ಅಂತಾರೆ, ಅದರಲ್ಲಿ ಕರೆಂಟ್ ಹರಿದು ಮಣ್ಣೊಳಗೆ ಕಾಂತಕ್ಷೇತ್ರ ಹೋಗತ್ತೆ, ಅಲ್ಲಿ ಲೋಹ ಇದ್ರೆ ಅದರಲ್ಲಿ ಸಣ್ಣ ಸುಳಿ ಕರೆಂಟ್ ಹುಟ್ಟಿ ವಾಪಸ್ ಒಂದು ಕ್ಷೇತ್ರ ಬರತ್ತೆ, ಅದನ್ನ ಹಿಡಿದು ಮಷೀನ್ ಸದ್ದು ಮಾಡತ್ತೆ. ಸಾಮಾನ್ಯ ಅಗ್ಗದ ಮಷೀನ್‌ಗಳು ವಿಎಲ್ಎಫ್, ಅಂದ್ರೆ ಕಡಿಮೆ ಕಂಪನಾಂಕದ್ದು. ಇವು ಒಣ ಮರಳಲ್ಲಿ, ತೋಟದಲ್ಲಿ ಚೆನ್ನಾಗಿ ಓಡ್ತವೆ, ಆದ್ರೆ ಉಪ್ಪುನೀರಿನ ಒದ್ದೆ ಮರಳೇ ಕರೆಂಟ್ ಹರಿಸೋದ್ರಿಂದ ಅಲ್ಲಿಗೆ ಹೋದ ತಕ್ಷಣ ಏನೂ ಇಲ್ದಿದ್ರೂ ಕುಂಯ್ ಕುಂಯ್ ಅಂತವೆ. ಬೀಚಿಗೇ ಹೋಗೋರು ಒಂದೇ ಸಲಕ್ಕೆ ಹಲವು ಕಂಪನಾಂಕ ಬಳಸೋ ಮಲ್ಟಿ ಫ್ರೀಕ್ವೆನ್ಸಿ ತಗೊಳ್ಳಿ, ಮಿನೆಲ್ಯಾಬ್‌ನ ವ್ಯಾಂಕ್ವಿಶ್, ಇಕ್ವಿನಾಕ್ಸ್, ನೊಕ್ಟಾದ ಲೆಜೆಂಡ್ ಈ ಜಾತಿಯವು. ಪಲ್ಸ್ ಇಂಡಕ್ಷನ್ ಅಂತ ಇನ್ನೊಂದು ಬಗೆ ಇದೆ, ಒದ್ದೆ ಮರಳಲ್ಲಿ ಆಳಕ್ಕೆ ಹೋಗತ್ತೆ, ಆದ್ರೆ ಮೊಳೆ ಯಾವುದು ನಾಣ್ಯ ಯಾವುದು ಅಂತ ಸರಿಯಾಗಿ ಹೇಳಲ್ಲ, ಹೊಸಬರಿಗೆ ಬೇಡ. ಮತ್ತೆ ಆಳದ ಬಗ್ಗೆ ಅಂಗಡಿಯವರ ಮಾತು ನಂಬಬೇಡಿ, ನಾಣ್ಯದಷ್ಟು ಸಣ್ಣದ್ದು 15-20 ಸೆಂಟಿಮೀಟರ್ ಒಳಗಿದ್ರೆ ಸಿಕ್ಕೀತು.

ಅರ್ಧ ಕಿಲೋಮೀಟರ್ ದೂರದ ಚಿನ್ನ ತೋರ್ಸತ್ತೆ ಅಂತ ಎರಡು ಕಡ್ಡಿ ಇರೋ ಲಾಂಗ್ ರೇಂಜ್ ಲೊಕೇಟರ್ ಮಾರ್ತಾರೆ, ಅದು ಅಕ್ಕಿಕಾಳು ಸೆಳೆಯೋ ಪವಾಡದ ಲೋಹ ಅಂತ ಮೋಸ ಮಾಡಿ ಮಾರೋ ರೈಸ್ ಪುಲ್ಲರ್‌ನ ತಮ್ಮ ಅಷ್ಟೇ. ನಮ್ಮ ಗುಂಪಿನ ಬಾಗಲಕೋಟೆ ದೋಸ್ತ ಒಂದು ತರಿಸಿದ್ದ, ಕಡ್ಡಿ ಯಾವಾಗ್ಲೂ ಅವನ ಬೈಕ್ ಕಡೆಗೇ ತಿರುಗ್ತಿತ್ತು, ಯಾಕಂದ್ರೆ ಅವನಿಗೆ ಮನೆಗೆ ಹೋಗೋ ಆಸೆ.

ಉಳಿದಿದ್ದು ಸಣ್ಣಪುಟ್ಟದ್ದು. ಹೆಡ್‌ಫೋನ್ ಬೇಕೇ ಬೇಕು, ಅಲೆ ಸದ್ದಲ್ಲಿ ಮಂದ ಸಿಗ್ನಲ್ ಕೇಳಲ್ಲ. ಪಿನ್‌ಪಾಯಿಂಟರ್ ಅಂದ್ರೆ ಕ್ಯಾರೆಟ್ ಆಕಾರದ ಸಣ್ಣ ಡಿಟೆಕ್ಟರ್, ಗುಂಡಿಯೊಳಗೆ ನಾಣ್ಯ ಯಾವ ಮೂಲೆಲಿದೆ ಅಂತ ಹೇಳತ್ತೆ, ಸಾಧ್ಯ ಆದ್ರೆ ತಗೊಳ್ಳಿ. ಮರಳು ಜಾಲಿಸೋಕೆ ನಾವು ಶುರುವಿಗೆ ಮನೇಲಿದ್ದ ಬೂಂದಿ ಝಾರಾ ಒಯ್ದಿದ್ವಿ, ಮೂರನೇ ಗುಂಡಿಗೇ ಹಿಡಿ ಬಗ್ಗಿ ಹೋಯ್ತು, ಮನೇಲಿ ಬೈಸ್ಕೊಂಡಿದ್ದು ಬೇರೆ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲ್ ಡಬ್ಬಕ್ಕೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ತೂತು ಹೊಡೆಸಿ ಉದ್ದ ಹಿಡಿ ಹಾಕಿಸಿದ್ವಿ, ಇವತ್ತಿಗೂ ಅದೇ. ತೂತು 10 ಮಿಲಿಮೀಟರ್ ದಾಟದಿರಲಿ. ತೋಟಕ್ಕೆ ಖುರ್ಪಿ, ದಪ್ಪ ಗ್ಲೌಸ್, ಕಸಕ್ಕೆ ಒಂದು ಚೀಲ, ಸಿಕ್ಕಿದ್ದಕ್ಕೆ ಇನ್ನೊಂದು. ಗ್ಲೌಸ್ ಯಾಕೆ ಅಂದ್ರೆ ಮರಳಲ್ಲಿ ಒಡೆದ ಬಾಟಲಿಯಿಂದ ಹಿಡಿದು ಸಿರಿಂಜ್ ಸೂಜಿವರೆಗೂ ಎಲ್ಲಾ ಇರತ್ತೆ.

4. ಮನೆಯಲ್ಲಿ ಒಂದು ವಾರ ಅಭ್ಯಾಸ

ಇದನ್ನ ಬಿಟ್ಟೋರು ಬೀಚಲ್ಲಿ ಅರ್ಧ ಗಂಟೆಗೆ ಬೇಜಾರಾಗಿ ವಾಪಸ್ ಬರ್ತಾರೆ. ಅಂಗಳದಲ್ಲೋ ಮರಳು ತುಂಬಿದ ಪ್ಲಾಸ್ಟಿಕ್ ಬುಟ್ಟಿಯಲ್ಲೋ ಒಂದು ರೂಪಾಯಿ, ಹಳೇ ತಾಮ್ರದ ಕಾಸು, ಬೆಳ್ಳಿ ಕಾಲುಂಗುರ, ಬೀರ್ ಮುಚ್ಚಳ, ಗುಟ್ಕಾ ಚೀಟಿ, ಮೊಳೆ, ಇವನ್ನ 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತು ಒಂದೊಂದರ ಸದ್ದೂ ಪರದೆ ಮೇಲಿನ ಅಂಕಿನೂ ಬರ್ಕೊಳ್ಳಿ. ಆ ಅಂಕಿಗೆ ಟಾರ್ಗೆಟ್ ಐಡಿ ಅಂತಾರೆ, ಕಬ್ಬಿಣ ಕೆಳಗೆ, ಅಲ್ಯೂಮಿನಿಯಂ ಹಾಳೆ ಮಧ್ಯ, ತಾಮ್ರ ಬೆಳ್ಳಿ ಮೇಲೆ.

ಇಲ್ಲೊಂದು ನಮ್ಮ ದೇಶದ್ದೇ ಸೂಕ್ಷ್ಮ ಇದೆ, ಪರದೇಶದ ವಿಡಿಯೋ ನೋಡಿ ಕಲಿಯೋರಿಗೆ ಗೊತ್ತಾಗಲ್ಲ. ಡಿಸ್ಕ್ರಿಮಿನೇಷನ್ ಅಂದ್ರೆ ಇಂಥ ಲೋಹಕ್ಕೆ ಸದ್ದು ಮಾಡ್ಬೇಡ ಅಂತ ಮಷೀನಿಗೆ ಹೇಳೋದು, ಎಲ್ಲರೂ ಕಬ್ಬಿಣ ಮುಚ್ಚು ಅಂತಾರೆ. ನಮ್ಮಲ್ಲಿ 1988ರಿಂದ ಸಣ್ಣ ಪೈಸೆಗಳೂ 1992ರಿಂದ ಒಂದು ರೂಪಾಯಿಯೂ ಅಯಸ್ಕಾಂತಕ್ಕೆ ಅಂಟೋ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಂದ್ವು, ಹಾಗಾಗಿ ಕಬ್ಬಿಣ ಮುಚ್ಚಿದ್ರೆ ಈಗಿನ ಚಿಲ್ಲರೆಯ ಸುಮಾರು ಭಾಗವೂ ಮಾಯ. ಹಳೇದೇ ಬೇಕು ಅನ್ನೋರಿಗೆ ಇದು ಒಳ್ಳೇದೇ. ಆದ್ರೆ 1952ರ ಗೋವಾದ ಅರ್ಧ ರೂಪಿಯಾ ಥರದ ತಾಮ್ರ-ನಿಕ್ಕಲ್ ನಾಣ್ಯಗಳು ಬಿಯರ್ ಕ್ಯಾನಿನ ಕಿವಿ ಇರೋ ಅಂಕಿ ಹತ್ರಾನೇ ಬರ್ತವೆ, ಕ್ಯಾನ್ ಕಿವಿ ಬೇಡ ಅಂತ ಮಧ್ಯದ ಅಂಕಿಗಳನ್ನ ಮುಚ್ಚಿದವರು ಅವನ್ನೂ ಕಳ್ಕೊತಾರೆ. ನಾವು ಕಬ್ಬಿಣ ಮಾತ್ರ ಮುಚ್ತೀವಿ, ಉಳಿದಿದ್ದೆಲ್ಲಾ ಅಗೀತೀವಿ, ಸೊಂಟ ಹೋಗತ್ತೆ, ಹೋಗಲಿ.

5. ಮಣ್ಣಿಗೆ ತಕ್ಕ ಹಾಗೆ ಮಷೀನ್ ಹೊಂದಿಸೋದು

ಗೋವಾದ ಮಣ್ಣು ಕೆಂಪು, ಕೆಳಗೆ ಚಿರೇಕಲ್ಲು (ದಕ್ಷಿಣ ಕನ್ನಡದವರು ಮುರಕಲ್ಲು ಅಂತೀರಲ್ಲ ಅದೇ), ಕಬ್ಬಿಣದ ಅಂಶ ಜಾಸ್ತಿ. ಮಷೀನ್ ಮಣ್ಣಿಗೇ ಕೂಗತ್ತೆ. ಇದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಮಾಡ್ಬೇಕು, ಮಣ್ಣಿನ ಸದ್ದನ್ನ ಮಷೀನಿಗೆ ಪರಿಚಯ ಮಾಡಿಸಿ ಇದನ್ನ ಲೆಕ್ಕಕ್ಕೆ ತಗೋಬೇಡ ಅನ್ನೋದು. ಲೋಹ ಇಲ್ಲದ ಒಂದು ಜಾಗ ನೋಡಿ, ಮಷೀನಿನ ಬಟನ್ ಒತ್ತಿ ಹಿಡಿದು ಕಾಯಿಲ್‌ನ ನೆಲದ ಹತ್ರದಿಂದ ಒಂದಡಿ ಮೇಲಕ್ಕೆ ಕೆಳಕ್ಕೆ ಆಡಿಸಿ, ಸದ್ದು ಅಡಗೋವರೆಗೂ. ಬೀಚಲ್ಲಿ ಕಪ್ಪು ಮರಳಿನ ಗೆರೆ ಬಂದಾಗ ಮತ್ತೆ ಮಾಡ್ಬೇಕು. ಆಗ್ಲೂ ಕಿರುಚ್ತಿದ್ರೆ ಸೆನ್ಸಿಟಿವಿಟಿ, ಅಂದ್ರೆ ಮಷೀನಿನ ಕಿವಿ ಎಷ್ಟು ಚುರುಕು ಅನ್ನೋದು, ಅದನ್ನ ಇಳಿಸಿ. ಜಾಸ್ತಿ ಇಟ್ರೆ ಜಾಸ್ತಿ ಸಿಗತ್ತೆ ಅನ್ನೋದು ಹೊಸಬರ ಭ್ರಮೆ, ಗಲಾಟೆ ಸಂತೆಯಲ್ಲಿ ಪಿಸುಮಾತು ಕೇಳಲ್ಲ.

6. ಹೋಗೋ ದಿನ, ಹೋಗೋ ಹೊತ್ತು

ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ಹೆಚ್ಚು ಏರತ್ತೆ, ಹೆಚ್ಚು ಇಳಿಯತ್ತೆ, ಇಳಿತದ ಹೊತ್ತಲ್ಲಿ ಬೇರೆ ದಿನ ಕಾಣದ ಮರಳು ಕಾಣತ್ತೆ. ಇಲ್ಲಿನವರು ಭರತಿ-ಸುಕತಿ ಅಂತಾರೆ. ಇಳಿತಕ್ಕೆ ಎರಡು ಗಂಟೆ ಮುಂಚೆ ಶುರು ಮಾಡಿ ನೀರಿನ ಹಿಂದೆನೇ ಇಳೀತಾ ಹೋಗಿ, ನೀರು ತಿರುಗಿದ ತಕ್ಷಣ ಮೇಲೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಅಲೆ ಮರಳನ್ನ ಕೊರೆದು ಒಯ್ಯೋದ್ರಿಂದ ಹಳೇದು ಮೇಲೆ ಬರತ್ತೆ ನಿಜ, ಆದ್ರೆ ಮೊಣಕಾಲು ನೀರಿಗೂ ಇಳೀಬೇಡಿ, ಒಂದು ಅಲೆ ಸಾಕು.

ನಮಗೆ ಹೆಚ್ಚು ಸಿಕ್ಕಿರೋದು ಎಲ್ಲಿ ಅಂದ್ರೆ ಶ್ಯಾಕ್ ಇದ್ದ ಜಾಗದಲ್ಲಿ. ಬಿದಿರು, ತೆಂಗಿನ ಗರಿಯ ಈ ಹೋಟ್ಲುಗಳನ್ನ ಮಳೆಗಾಲಕ್ಕೆ ಮುಂಚೆ ಬಿಚ್ಚಿ ಒಯ್ತಾರೆ, ಕಂಬದ ಗುರುತು ಹಾಗೇ ಇರತ್ತೆ. ಗಲ್ಲಾ ಎಲ್ಲಿತ್ತು ಅಂತ ಅಂದಾಜು ಮಾಡಿ ಅದರ ಮುಂದೆ ನಿಲ್ಲಿ.

ಬೀಸೋದು ನಿಧಾನ. ಕಾಯಿಲ್ ನೆಲದಿಂದ ಎರಡು ಬೆರಳು ಮೇಲೆ, ಎಡಬಲ ತುದಿಯಲ್ಲಿ ಎತ್ತಬೇಡಿ (ಎಲ್ಲರೂ ಕಸ ಗುಡಿಸಿದ ಹಾಗೆ ಎತ್ತುತಾರೆ), ಪ್ರತಿ ಬೀಸು ಹಿಂದಿನದರ ಅರ್ಧದ ಮೇಲೆ ಬರಲಿ. ಸದ್ದು ಬಂದ್ರೆ ಎರಡೂ ಕಡೆಯಿಂದ ಬೀಸಿ ನೋಡಿ, ಆಮೇಲೆ 90 ಡಿಗ್ರಿ ತಿರುಗಿ ಇನ್ನೊಮ್ಮೆ. ನಾಲ್ಕೂ ಕಡೆಯಿಂದ ಅದೇ ಸದ್ದು ಅದೇ ಅಂಕಿ ಬಂದ್ರೆ ಅಗೀರಿ, ಅಂಕಿ ಕುಣೀತಿದ್ರೆ ಹೆಚ್ಚಿನ ಸಲ ತುಕ್ಕು ಹಿಡಿದ ತಗಡು.

ಕೆಲಸ ಹಂಚ್ಕೊಳ್ಳಿ. ಒಬ್ಬ ಬೀಸೋನು, ಒಬ್ಬ ಅಗೆಯೋನು, ಒಬ್ಬ ಬರೆಯೋನು, ಇನ್ನೊಬ್ಬ ಜನರನ್ನ ಸಂಭಾಳಿಸೋನು. ನಗ್ಬೇಡಿ, ನಾಲ್ಕನೇದು ಎಲ್ಲಕ್ಕಿಂತ ದೊಡ್ಡ ಕೆಲಸ. ಐದು ನಿಮಿಷಕ್ಕೊಬ್ಬರು "ಕಿತೆಂ ಮೆಳ್ಳೆಂ ರೆ?" ಅಂತ ಬರ್ತಾರೆ, ಏನ್ ಸಿಕ್ತೋ ಅಂತ, ಅವರಿಗೆ ಕಸದ ಚೀಲ ಬಿಚ್ಚಿ ಮುಚ್ಚಳ ತೋರಿಸಿದ್ರೆ ಅನುಮಾನ ಹೋಗತ್ತೆ, ಅರ್ಧ ಜನ ಭೇಷ್ ಅಂತಾನೂ ಅಂತಾರೆ. ಅರ್ಧ ಗಂಟೆಗೊಮ್ಮೆ ಪಾಳಿ ಬದಲಾಗಲಿ. ಪಾಲಿನ ಮಾತು ಮನೆ ಬಿಡೋ ಮುಂಚೆನೇ ಮುಗಿಸಿ, ಬೆಳ್ಳಿ ಕಂಡ ಮೇಲೆ ದೋಸ್ತಿ ಲೆಕ್ಕ ಬೇರೆ ಆಗತ್ತೆ.

7. ಅಗೆಯೋದು, ಮುಚ್ಚೋದು

ಮರಳಲ್ಲಿ ಸುಲಭ, ಡಬ್ಬ ಹಾಕಿ ಎತ್ತಿ ಅಲ್ಲಾಡಿಸಿ. ಹುಲ್ಲಿರೋ ಅಂಗಳದಲ್ಲಿ ಕುದುರೆ ಲಾಳದ ಹಾಗೆ ಮೂರು ಕಡೆ ಕೊಯ್ದು ಒಂದು ಕಡೆ ಬೇರು ಬಿಟ್ಟು ಮುಚ್ಚಳದ ಥರ ಮಗುಚಿ, ಸಿಕ್ಕ ಮೇಲೆ ಹಾಗೇ ಮುಚ್ಚಿ ಕಾಲಲ್ಲಿ ಒತ್ತಿ ನೀರು ಹಾಕಿ. ಸಿಗ್ನಲ್ ನಡುವಿಗೆ ನೇರ ಖುರ್ಪಿ ಚುಚ್ಚಬೇಡಿ, ಒಂದು ಗೇಣು ಆಚೆಯಿಂದ ಬನ್ನಿ, ನಾಣ್ಯದಲ್ಲಿರೋ ರಾಣಿ ಮುಖದ ಮೇಲೆ ಗೀರು ಬಿದ್ರೆ ಬದುಕಿರೋವರೆಗೂ ನೋಡ್ತಾ ಇರ್ಬೇಕಾಗತ್ತೆ. ಬೀಚಿನ ಗುಂಡಿ ಮುಚ್ಚದೆ ಬಿಟ್ರೆ ಕತ್ತಲಲ್ಲಿ ಬಲೆ ಎಳೆಯೋರ ಕಾಲು ಮುರಿಯತ್ತೆ. ಗುಂಡು, ಶೆಲ್ ಥರದ್ದು ಕಂಡ್ರೆ ಮುಟ್ಟದೆ ದೂರ ಹೋಗಿ 112ಕ್ಕೆ ಫೋನ್ ಮಾಡಿ. ಒಂದೇ ಕಡೆ ಹತ್ತಾರು ಹಳೇ ನಾಣ್ಯ ಇಲ್ಲಾ ಮಡಕೆ ಚೂರು ಕಂಡ್ರೂ ಅಷ್ಟೇ, ಅಲ್ಲಿಗೇ ನಿಲ್ಲಿಸಿ, ಫೋಟೋ ತೆಗೆದು, ಠಾಣೆಗೂ ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ನೀವು ಎತ್ತಿ ತೆಗೆದ ಕ್ಷಣ ಯಾವುದು ಯಾವುದರ ಪಕ್ಕ ಇತ್ತು ಅನ್ನೋದು ಅಳಿಸಿ ಹೋಗತ್ತೆ.

8. ಸಿಕ್ಕಿದ್ದು ಯಾವ ನಾಣ್ಯ?

ಗೋವಾದ ಮಣ್ಣಲ್ಲಿ ಎರಡು ಸರ್ಕಾರದ ದುಡ್ಡು ಇರತ್ತೆ, ಮಜಾ ಅದೇ. 1878ರ ಬ್ರಿಟಿಷ್-ಪೋರ್ಚುಗೀಸ್ ಒಪ್ಪಂದ ಆದ ಮೇಲೆ 1881ರಿಂದ ಗೋವಾದ ನಾಣ್ಯ ಕಲ್ಕತ್ತಾ ಟಂಕಸಾಲೆಯಲ್ಲಿ ಅಚ್ಚಾಯ್ತು, ದೊರೆ ಲೂಯಿಸ್ ತಲೆ, "ಇಂಡಿಯಾ ಪೋರ್ತುಗೆಜಾ" ಅನ್ನೋ ಬರಹ. ಲೆಕ್ಕ ಹೀಗೆ: 60 ರೈಸ್‌ಗೆ ಒಂದು ತಾಂಗಾ, 16 ತಾಂಗಾಗೆ ಒಂದು ರೂಪಿಯಾ. ತಾಂಗಾ ಅಂದ್ರೆ ನಮ್ಮ ಆಣೆ ಅನ್ಕೊಳ್ಳಿ. ಆಮೇಲೆ 1901ರ ಕಾರ್ಲೋಸ್ ದೊರೆಯ ಕಾಲು ತಾಂಗಾ, 1912ರ ಪೋರ್ಚುಗೀಸ್ ಗಣರಾಜ್ಯದ ರೂಪಿಯಾ. 1958ರಲ್ಲಿ ಎಸ್ಕುದೊ, ಸೆಂತಾವೊ ಅನ್ನೋ ಹೊಸ ದುಡ್ಡು ಬಂತು, ಒಂದು ರೂಪಿಯಾಕ್ಕೆ 6 ಎಸ್ಕುದೊ, 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸರ ಆಳ್ವಿಕೆಯೇ ಮುಗೀತು.

ಬ್ರಿಟಿಷರದ್ದು ನಿಮಗೆ ಗೊತ್ತಿರೋದೇ, 1835ರ ಕಂಪನಿ ಕಾಲಾಣೆ, 1876ರವರೆಗೆ ವಿಕ್ಟೋರಿಯಾ ಕ್ವೀನ್ ಅನ್ನೋ ಬರಹ, 1877ರಿಂದ ಎಂಪ್ರೆಸ್. 1943ರಿಂದ 1947ರ ತೂತಿನ ದುಡ್ಡೂ ಸಿಗತ್ತೆ, ನಮ್ಮಜ್ಜಿ ಅದನ್ನ ಕೀಲಿ ಗೊಂಚಲಿಗೆ ಸಿಕ್ಕಿಸ್ಕೊಂಡಿದ್ಲು. ಬೆಳ್ಳಿ ರೂಪಾಯಿ ಅನುಮಾನ ಬಂದ್ರೆ ತೂಕ ಹಾಕಿ, ಅಸಲಿ 11.66 ಗ್ರಾಂ ಹತ್ರ ಬರ್ಬೇಕು, ಸವೆದಿದ್ರೆ ಸ್ವಲ್ಪ ಕಡಿಮೆ. 1940ರಿಂದ 1945ರವರೆಗಿನದ್ದರಲ್ಲಿ ಬೆಳ್ಳಿ ಅರ್ಧ ಮಾತ್ರ. ಪುಣೆ ಕಡೆಯವರಿಗೆ ಹೆಚ್ಚು ಸಿಗೋದು ಶಿವರಾಯಿ, ಒರಟು ತಾಮ್ರ, ಒಂದು ಕಡೆ ದೇವನಾಗರಿಯಲ್ಲಿ ಶ್ರೀ ರಾಜಾ ಶಿವ, ಇನ್ನೊಂದು ಕಡೆ ಛತ್ರಪತಿ. ಹೆಸರು ನೋಡಿ ಶಿವಾಜಿ ಮಹಾರಾಜರೇ ಅಚ್ಚು ಹಾಕಿಸಿದ್ದು ಅಂತ ಕುಣೀಬೇಡಿ, ಇದು ಅವರ ಕಾಲದಾಚೆಗೂ 19ನೇ ಶತಮಾನದವರೆಗೂ ಅಚ್ಚಾಗ್ತಾ ಇತ್ತು.

9. ತೊಳೀಬೇಡಿ

ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್, ಪಾತ್ರೆ ತಿಕ್ಕೋ ಪುಡಿ ಯಾವುದೂ ಬೇಡ. ತಾಮ್ರದ ಮೇಲಿನ ಕಂದು-ಹಸಿರು ಪದರ ಕೊಳೆ ಅಲ್ಲ, ಅದೇ ನಾಣ್ಯದ ಚರ್ಮ, ತಿಕ್ಕಿದ್ರೆ ಹೊಳಿಯತ್ತೆ, ಆದ್ರೆ ಅಕ್ಷರ ಸವೆದು ಬೆಲೆ ಬಿದ್ದೋಗತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರಲ್ಲಿ ಒಂದೆರಡು ದಿನ ನೆನೆಸಿ, ನೀರು ಬದಲಿಸ್ತಾ ಇರಿ, ಉಪ್ಪು ಬಿಡಬೇಕು, ಬೀಚಿನ ನಾಣ್ಯಕ್ಕೆ ಇದು ಮುಖ್ಯ. ಒರೆಸ್ಬೇಡಿ, ಹತ್ತಿ ಬಟ್ಟೆ ಮೇಲೆ ಇಟ್ಟು ಒಣಗಿಸಿ. ಆಮೇಲೆ ತಿಳಿ ಹಸಿರು ಪುಡಿ ಉದುರೋಕೆ ಶುರುವಾದ್ರೆ ಅದು ಲೋಹ ತಿನ್ನೋ ರೋಗ, ಅಂಥದ್ದನ್ನ ಬೇರೆ ಇಡಿ. ಮೆತ್ತನೆ ಪಿವಿಸಿ ಕವರ್ ಬೇಡ, ಕಾಗದದ ಪೊಟ್ಟಣ, ಡಬ್ಬದಲ್ಲಿ ಸಿಲಿಕಾ ಜೆಲ್ ಚೀಟಿ, ಗೋವಾದ ಮಳೆಗಾಲದ ತೇವಕ್ಕೆ ಅದಿಲ್ದೆ ಆಗಲ್ಲ.

10. ಬರೆದಿಡೋದು, ಮತ್ತೆ ಮಾರೋ ಆಸೆ

ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಕೊಡ್ತೀವಿ, ಮೊದ್ಲು ಟ್ಯಾಕ್ಸ್ ಕಟ್ಟಿ ಅಂತ ಫೋನ್ ಬರತ್ತೆ. ರಿಸರ್ವ್ ಬ್ಯಾಂಕ್ ಹೆಸರು, ಲೋಗೋ ಹಾಕ್ಕೊಂಡು ಹಳೇ ನಾಣ್ಯದ ವ್ಯವಹಾರ ಅಂತ ದುಡ್ಡು ಕೇಳ್ತಾರೆ, ನಂಬಬೇಡಿ ಅಂತ ಬ್ಯಾಂಕೇ 2021ರ ಆಗಸ್ಟಲ್ಲಿ ಪ್ರಕಟಣೆ ಕೊಟ್ಟಿದೆ. ಫೋನ್ ಇಡಿ.

ನಮ್ಮ ಹತ್ರ ಒಂದು ಉದ್ದ ನೋಟ್‌ಬುಕ್ ಇದೆ, ಅಂಗಡಿ ಉದ್ರಿ ಲೆಕ್ಕ ಬರೀತಾರಲ್ಲ ಆ ಥರದ್ದು. ಪ್ರತಿ ಪೊಟ್ಟಣಕ್ಕೂ ಒಂದು ನಂಬರ್, ಪುಸ್ತಕದಲ್ಲಿ ಅದೇ ನಂಬರಿಗೆ ತಾರೀಕು, ಜಾಗ, ಆಳ, ತೂಕ, ಫೋಟೋ, ಜಾಗದವರ ಸಹಿ ಇದ್ಯಾ ಇಲ್ವಾ. 17ನೇ ನಂಬರ್ ಒಂದು ಕಾಲು ತಾಂಗಾ, ಒಬ್ಬರ ಮನೆ ಹಿತ್ತಲಲ್ಲಿ ಬಾವಿ ಕಟ್ಟೆ ಪಕ್ಕ ಎಂಟು ಸೆಂಟಿಮೀಟರ್ ಆಳದಲ್ಲಿ ಸಿಕ್ಕಿದ್ದು, ಇಸವಿ ಅರ್ಧ ಸವೆದಿದೆ. ಅದರ ಕಾಲಂ ಮುಂದೆ ಕಲೆಕ್ಟರಿಗೆ ಕೊಟ್ಟ ಪತ್ರದ ಇನ್‌ವರ್ಡ್ ನಂಬರ್ ಬರೆದಿದೆ. 18ರಿಂದ 40ರವರೆಗೆ ಬೀರ್ ಮುಚ್ಚಳ, ಅವಕ್ಕೂ ನಂಬರ್ ಹಾಕಿದ್ದು ನಮ್ಮ ಬಾಗಲಕೋಟೆಯವನು, ಆವತ್ತು ಬರೆಯೋ ಪಾಳಿ ಅವನದ್ದಿತ್ತು.